ಬೆಲ್ಟ್ ಮೊದಲು, ಬ್ರ್ಯಾಂಡ್ ಆಮೇಲೆ: ಗಟ್ಟಿಯಾದ ಸೈಡ್-ಬೈ-ಸೈಡ್ ಆರಿಸುವ ಬಗೆ

ಅಮೆರಿಕದಲ್ಲಿ ಊರಾಚೆ ಹತ್ತಿಪ್ಪತ್ತು ಎಕರೆ ಜಮೀನು ಮಾಡಿಕೊಂಡ ಕನ್ನಡಿಗರು ಟ್ರ್ಯಾಕ್ಟರ್ ಕೊಂಡ ಮೇಲೆ ಕೇಳುವ ಮುಂದಿನ ಪ್ರಶ್ನೆ ಬಹುತೇಕ ಒಂದೇ: ಯಾವ ಸೈಡ್-ಬೈ-ಸೈಡ್ ಗಟ್ಟಿ? ಜಮೀನು, ಕಾಡಿನ ಒರಟು ದಾರಿಗೆಂದೇ ಮಾಡಿದ ಈ ನಾಲ್ಕು ಚಕ್ರದ ಗಾಡಿಗೆ ಅಕ್ಕಪಕ್ಕ ಕೂರುವ ಸೀಟು, ಕಾರಿನಂತೆ ಸ್ಟೀರಿಂಗ್ ಮತ್ತು ಪೆಡಲು, ತಲೆಯ ಮೇಲೆ ಉಕ್ಕಿನ ಕೊಳವೆಗಳ ಪಂಜರ, ಹಿಂದೆ ಸಾಮಾನು ಹೇರಲು ತೊಟ್ಟಿ. ಮೇಲ್ನೋಟಕ್ಕೆ ಎಲ್ಲವೂ ಒಂದೇ. ಬೆಲೆ ಮಾತ್ರ ಹತ್ತು ಸಾವಿರ ಡಾಲರಿನ ಆಸುಪಾಸಿನಲ್ಲಿ ಶುರುವಾಗಿ ನಲವತ್ತು ಸಾವಿರವನ್ನೂ ದಾಟುತ್ತದೆ. ಮಾಲೀಕರನ್ನು ಕೇಳಿದರೆ ಉತ್ತರಕ್ಕಿಂತ ಜಗಳವೇ ಹೆಚ್ಚು. ಪೊಲಾರಿಸ್ ಇಟ್ಟುಕೊಂಡವರಿಗೆ ಹೋಂಡಾ ಎಂದರೆ ಆಮೆ. ಹೋಂಡಾ ಇಟ್ಟುಕೊಂಡವರ ಪ್ರಕಾರ ಪೊಲಾರಿಸ್ ಮನೆಗೆ ಮರಳುವುದು ಟ್ರೇಲರಿನ ಮೇಲೆ. ಕುಬೋಟಾದವರು ಇಬ್ಬರನ್ನೂ ನೋಡಿ ನಗುತ್ತಾರೆ.

ಈ ಜಗಳದಲ್ಲಿ ನನಗೂ ಒಂದು ಪಕ್ಷವಿದೆ. ಬಾಳಿಕೆಯನ್ನು ಬಾನೆಟ್ಟಿನ ಮೇಲಿನ ಹೆಸರಿನಿಂದಲೂ ಅಶ್ವಶಕ್ತಿಯಿಂದಲೂ ಅಳೆಯಬಾರದು. ಎಂಜಿನ್ನಿನ ಶಕ್ತಿ ಯಾವ ದಾರಿಯಲ್ಲಿ ಚಕ್ರಕ್ಕೆ ತಲುಪುತ್ತದೆ ಎಂಬುದನ್ನು ಮೊದಲು ನೋಡಬೇಕು. ಇಂದಿನ ಎಂಜಿನ್ನುಗಳು ಸಾಮಾನ್ಯವಾಗಿ ಗಟ್ಟಿಯೇ. ಕೈಕೊಡುವುದು ಹೆಚ್ಚಾಗಿ ಅದರ ಆಚೆಗಿನ ಭಾಗಗಳು.

ಮೊದಲಿಗೆ, ಇಲ್ಲಿ ಎರಡು ಕುಲಗಳಿವೆ. ಒಂದು ಕೆಲಸದ ಗಾಡಿ. ಕವಾಸಾಕಿ 1988ರಲ್ಲಿ ತಂದ ಮ್ಯೂಲ್ ಇದರ ಹಿರಿಯ. ಹೆಸರೇ ಹೇಳುವಂತೆ ಹೇಸರಗತ್ತೆ. ಇನ್ನೊಂದು ಓಟದ ಗಾಡಿ. ಯಮಹಾ ರೈನೋ 2004ರ ಮಾದರಿಯಾಗಿ ಬಂದು ಕೆಲಸ ಮತ್ತು ಮೋಜು ಎರಡನ್ನೂ ಬೆರೆಸಿತು. ಪೊಲಾರಿಸ್ 2007ರಲ್ಲಿ ಆರ್‌ಝಡ್‌ಆರ್ ಬಿಡುಗಡೆ ಮಾಡಿ ಮೋಜನ್ನೇ ಮುಂದಿಟ್ಟಿತು. ಬೇಲಿ ಕಂಬ ಹೊರುವ ಗಾಡಿಯನ್ನೂ ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುಗುಡ್ಡ ಹಾರುವ ಗಾಡಿಯನ್ನೂ ಪಕ್ಕಪಕ್ಕ ನಿಲ್ಲಿಸಿ "ಯಾವುದು ಗಟ್ಟಿ" ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಗಂಟೆಗೆ ಇಪ್ಪತ್ತು ಕಿಲೋಮೀಟರಿನಲ್ಲಿ ಹತ್ತು ವರ್ಷ ಬಾಳುವ ಬುಶ್ (ಸಸ್ಪೆನ್ಷನ್ ಕೀಲಿನೊಳಗಿನ ಸಣ್ಣ ಕೊಳವೆ), ನೂರು ಕಿಲೋಮೀಟರಿನಲ್ಲಿ ಒಂದೇ ಬೇಸಿಗೆಗೆ ಸವೆದುಹೋಗಬಹುದು.

ಬೆಲ್ಟ್, ಗೇರ್, ಎಣ್ಣೆ

ಬಹುಪಾಲು ಸೈಡ್-ಬೈ-ಸೈಡ್‌ಗಳಲ್ಲಿ ಇರುವುದು ಸಿವಿಟಿ. ಬೆಂಗಳೂರಿನ ಗೇರಿಲ್ಲದ ಸ್ಕೂಟರುಗಳಲ್ಲಿ ಇರುವುದೂ ಇದೇ ತಂತ್ರ: ಎರಡು ಪುಲ್ಲಿ, ಅವುಗಳ ನಡುವೆ ಒಂದು ರಬ್ಬರ್ ಬೆಲ್ಟ್. ಪ್ರತಿ ಪುಲ್ಲಿಯಲ್ಲಿ ಎದುರುಬದುರಾಗಿ ಎರಡು ಇಳಿಜಾರು ತಟ್ಟೆಗಳಿರುತ್ತವೆ. ಎಂಜಿನ್ ವೇಗ ಹೆಚ್ಚಿದಂತೆ ಮುಂದಿನ ತಟ್ಟೆಗಳು ಒಂದಕ್ಕೊಂದು ಹತ್ತಿರ ಬಂದು ಬೆಲ್ಟನ್ನು ಅಂಚಿನ ಕಡೆಗೆ ತಳ್ಳುತ್ತವೆ, ಹಿಂದಿನವು ಅಗಲವಾಗುತ್ತವೆ, ಗಾಡಿ ವೇಗ ಪಡೆಯುತ್ತದೆ. ಓಡಿಸಲು ಸುಲಭ, ಹಗುರ, ತಯಾರಿಸಲು ಅಗ್ಗ. ಆದರೆ ಸ್ಕೂಟರಿನ ಬೆಲ್ಟ್ ಹೊರುವುದು ಒಂದಿಬ್ಬರನ್ನು. ಪೊಲಾರಿಸ್ ರೇಂಜರ್ ಎಕ್ಸ್‌ಪಿ 1000ದಲ್ಲಿ 82 ಅಶ್ವಶಕ್ತಿ ಇದೆ. ಹಿಂದೆ ಕಟ್ಟಿ ಎಳೆಯಲು 2,500 ಪೌಂಡ್, ಅಂದರೆ ಒಂದು ಟನ್ನಿಗಿಂತ ಹೆಚ್ಚು ಭಾರಕ್ಕೆ ಅನುಮತಿಯಿದೆ. ಅದೆಲ್ಲವೂ ಆ ರಬ್ಬರಿನ ಮೇಲೆಯೇ ಹಾದುಹೋಗಬೇಕು.

ಬೆಲ್ಟಿನ ಶತ್ರು ಭಾರವಲ್ಲ, ಜಾರುವಿಕೆ. ಬೆಲ್ಟಿನ ಜೊತೆ ಈ ಗಾಡಿಗಳಲ್ಲಿ ವೇಗಕ್ಕೆ ಹೈ, ಭಾರಕ್ಕೆ ಲೋ ಎಂಬ ಗೇರುಗಳಿರುತ್ತವೆ; ತುಂಬಿದ ಟ್ರೇಲರನ್ನು ಹೈ ಗೇರಿನಲ್ಲಿ ಏರು ಹತ್ತಿಸಲು ಹೋದಾಗ ಪುಲ್ಲಿ ತಿರುಗುತ್ತದೆ, ಬೆಲ್ಟ್ ಪೂರ್ತಿ ಹಿಡಿಯುವುದಿಲ್ಲ. ಉಜ್ಜಿದ ಕಡೆ ಬಿಸಿಯೇರಿ ರಬ್ಬರ್ ಗಾಜಿನಂತೆ ನುಣುಪಾಗುತ್ತದೆ. ನುಣುಪಾದ ಬೆಲ್ಟ್ ಇನ್ನಷ್ಟು ಜಾರುತ್ತದೆ. ಸುಟ್ಟ ರಬ್ಬರಿನ ವಾಸನೆ ಸೀಟಿನ ಹಿಂದಿನಿಂದ ಬರತೊಡಗಿದರೆ ಅದರ ಆಯಸ್ಸು ಮುಗಿಯುತ್ತಾ ಬಂದಿದೆ ಎಂದೇ ತಿಳಿಯಬೇಕು. ಕಡಿದರೆ ಒಳಗಿನ ದಾರಗಳು ಪುಲ್ಲಿಗೆ ಸುತ್ತಿಕೊಂಡು ಸುತ್ತಲಿನ ಸೀಲುಗಳನ್ನೂ ಕವರನ್ನೂ ಹಾಳು ಮಾಡುವುದುಂಟು. ಕಂಪನಿಯ ಬೆಲ್ಟಿಗೆ ಸುಮಾರು ನೂರೈವತ್ತರಿಂದ ಇನ್ನೂರೈವತ್ತು ಡಾಲರ್. ಅದು ದೊಡ್ಡ ಖರ್ಚೇನಲ್ಲ; ಕಡಿಯುವುದು ಎಲ್ಲಿ ಎಂಬುದೇ ಪ್ರಶ್ನೆ. ಯೂಟಾದ ಮೋಆಬ್‌ನ ಕೆಂಪು ಬಂಡೆಗಳ ನಡುವೆ ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಕಡಿದರೆ, ಬದಲಿ ಬೆಲ್ಟ್ ಮತ್ತು ಪಾನಾ ಸೀಟಿನ ಕೆಳಗೆ ಇದ್ದವರು ಮಾತ್ರ ಸಂಜೆಯೊಳಗೆ ಹೊರಬರುತ್ತಾರೆ.

"ಬೆಲ್ಟ್ ಗಾಡಿ ಬೇಡವೇ ಬೇಡ" ಎಂದು ನಾನು ಹೇಳುತ್ತಿಲ್ಲ. ಬೆಲ್ಟಿನಲ್ಲೂ ತರತಮವಿದೆ. ಯಮಹಾ ತನ್ನ ಅಲ್ಟ್ರಾಮ್ಯಾಟಿಕ್ ವ್ಯವಸ್ಥೆಯಲ್ಲಿ ಪುಲ್ಲಿ ಬೆಲ್ಟನ್ನು ಸದಾ ಬಿಗಿಯಾಗಿ ಹಿಡಿದಿರುವಂತೆ ಮಾಡಿದೆ. ಗಾಡಿ ನಿಂತಲ್ಲಿಂದ ಹೊರಡುವಾಗಿನ ಜಾರುವಿಕೆಯನ್ನು ಎಣ್ಣೆಯಲ್ಲಿ ಮುಳುಗಿದ ಬೇರೊಂದು ಕ್ಲಚ್ ತನ್ನ ಮೈಮೇಲೆ ಹಾಕಿಕೊಳ್ಳುತ್ತದೆ. ಅದರ ಮೇಲಿನ ನಂಬಿಕೆಯಿಂದ ಕಂಪನಿ ಅಮೆರಿಕದಲ್ಲಿ ಈ ಬೆಲ್ಟಿಗೆ 10 ವರ್ಷದ ವಾರಂಟಿಯನ್ನೇ ಕೊಟ್ಟಿದೆ. ಕವಾಸಾಕಿಯ ಟೆರಿಕ್ಸ್ ಕೆಆರ್‌ಎಕ್ಸ್ 1000 ಕೂಡ ಬೆಲ್ಟಿನ ಜೊತೆ ಇಂಥ ಸೆಂಟ್ರಿಫ್ಯೂಗಲ್ ಕ್ಲಚ್ (ಎಂಜಿನ್ ವೇಗ ಏರಿದಂತೆ ತಾನಾಗಿ ಹಿಡಿಯುವುದು) ಇಟ್ಟುಕೊಂಡಿದೆ. ಬಂಡೆಗಳ ಮೇಲೆ ನಿಧಾನವಾಗಿ ತೆವಳುವವರಿಗೆ ಈ ವ್ಯತ್ಯಾಸ ಬಹಳ ಮುಖ್ಯ.

ಹೋಂಡಾದ ದಾರಿಯೇ ಬೇರೆ. ಅವರ ಯಾವ ಸೈಡ್-ಬೈ-ಸೈಡ್‌ನಲ್ಲೂ ಬೆಲ್ಟ್ ಇಲ್ಲ. ಪಯೋನಿಯರ್ 700ರಲ್ಲಿ ಆಟೊಮ್ಯಾಟಿಕ್ ಕಾರಿನಲ್ಲಿರುವಂಥ, ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್. 2016ರ ಮಾದರಿಯಿಂದ ಬಂದ ಪಯೋನಿಯರ್ 1000 ಮತ್ತು ಆಮೇಲಿನ ಟ್ಯಾಲನ್‌ನಲ್ಲಿ ಆರು ಗೇರಿನ ಡ್ಯುಯಲ್ ಕ್ಲಚ್, ಅಂದರೆ ಎರಡು ಕ್ಲಚ್ಚುಗಳು ಸರದಿಯಂತೆ ತಾವೇ ಗೇರ್ ಬದಲಿಸುವ ಗೇರ್‌ಬಾಕ್ಸ್. ಲೋಹಕ್ಕೆ ಲೋಹ, ನಡುವೆ ಎಣ್ಣೆ. ನೀರಿನಲ್ಲಿ ಇಳಿದರೂ ಜಾರುವ ಬೆಲ್ಟಿಲ್ಲ, ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದು ನಿಧಾನಗೊಳಿಸುತ್ತದೆ. ಕುಂದೂ ಇದೆ: ಗೇರ್ ಬದಲಾಗುವಾಗ ಸಣ್ಣ ಕುಲುಕು ತಿಳಿಯುತ್ತದೆ, ತೀರಾ ನಿಧಾನವಾಗಿ ಬಹಳ ಹೊತ್ತು ತೆವಳಿಸಿದರೆ ಕ್ಲಚ್ ಬಿಸಿಯೇರುತ್ತದೆ, ಒಳಗೆ ನಿಜವಾಗಿಯೂ ಏನಾದರೂ ಮುರಿದರೆ ಅಂಗಳದಲ್ಲಿ ಕುಳಿತು ಬಿಚ್ಚುವ ಕೆಲಸವಲ್ಲ. ಬೆಲ್ಟ್ ಆಗಾಗ ಸಣ್ಣ ಖರ್ಚು ಕೇಳುತ್ತದೆ. ಗೇರ್‌ಬಾಕ್ಸ್ ಬಹಳ ಕಾಲ ಸುಮ್ಮನಿದ್ದು, ಕೇಳಿದ ದಿನ ದೊಡ್ಡದಾಗಿಯೇ ಕೇಳುತ್ತದೆ.

ಮೂರನೆಯದು ಕುಬೋಟಾದ ಎಣ್ಣೆಯ ದಾರಿ. ಆರ್‌ಟಿವಿ-ಎಕ್ಸ್1100ಸಿ ಎಂಬ ಗಾಡಿಯಲ್ಲಿ ಮೂರು ಸಿಲಿಂಡರಿನ 1,123 ಸಿಸಿ ಡೀಸೆಲ್ ಎಂಜಿನ್, ಶಕ್ತಿ ಬರೀ 24.8 ಅಶ್ವಶಕ್ತಿ. ಎಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಒತ್ತಡದಿಂದ ತಳ್ಳುತ್ತದೆ, ಎಣ್ಣೆ ಒಂದು ಹೈಡ್ರಾಲಿಕ್ ಮೋಟಾರನ್ನು ತಿರುಗಿಸುತ್ತದೆ. ಗಂಟೆಗೆ 40 ಕಿಲೋಮೀಟರಿನ ಆಸುಪಾಸಿಗೆ ಅದರ ಓಟ ಮುಗಿಯಿತು. ಪೆಡಲ್ ಒತ್ತಿದರೆ ಗುಯ್ಯೆನ್ನುವ ಸದ್ದು, ಗಾಡಿಯೋ ಒಂದು ಟನ್ನಿಗಿಂತ ಭಾರ. ಮೋಜಿಗೆ ಇದನ್ನು ಕೊಂಡವರನ್ನು ನಾನು ನೋಡಿಲ್ಲ. ಆದರೆ ದಿನವೂ ಗೊಬ್ಬರ, ನೀರಿನ ಪೀಪಾಯಿ, ಸೌದೆ ಹೇರಿ ಮುನ್ನೂರು ಅಡಿಗೊಮ್ಮೆ ನಿಂತು ಹೊರಡುವ ಜಮೀನಿನಲ್ಲಿ ಬೆಲ್ಟ್ ಗಾಡಿ ನರಳುವ ಕೆಲಸವನ್ನು ಇದು ಗೊಣಗದೆ ಮಾಡುತ್ತದೆ. ಎಣ್ಣೆ ಮತ್ತು ಫಿಲ್ಟರುಗಳನ್ನು ಪುಸ್ತಕದಲ್ಲಿ ಹೇಳಿದ ಗಂಟೆಗೆ ಬದಲಿಸಬೇಕು, ಅಗ್ಗದ ಎಣ್ಣೆ ಸುರಿಯಬಾರದು. ಇವೆರಡೇ ಅದರ ಹಠ.

ಓಟದ ಗಾಡಿಗಳ ಲೋಕದಲ್ಲೂ ಈ ವಾದ ನಡೆದಿದೆ. ಕ್ಯಾನ್-ಆಮ್ ತನ್ನ ಮ್ಯಾವರಿಕ್ ಎಕ್ಸ್3ಯನ್ನು ಬೆಲ್ಟಿನ ಮೇಲೆಯೇ ನಡೆಸಿತು. 2024ರ ಮ್ಯಾವರಿಕ್ ಆರ್‌ನಲ್ಲಿ ಶಕ್ತಿ 240ಕ್ಕೆ ಏರಿದಾಗ ಬೆಲ್ಟನ್ನು ಕೈಬಿಟ್ಟು ಏಳು ಗೇರಿನ ಡ್ಯುಯಲ್ ಕ್ಲಚ್ ಹಾಕಿತು. 225 ಅಶ್ವಶಕ್ತಿಯ ಪೊಲಾರಿಸ್ ಆರ್‌ಝಡ್‌ಆರ್ ಪ್ರೊ ಆರ್ ಇನ್ನೂ ಬೆಲ್ಟಿನಲ್ಲೇ ಇದೆ. ಇಬ್ಬರೂ ತಿಳಿಯದವರಲ್ಲ, ಒಬ್ಬರು ತೂಕ ಮತ್ತು ಬೆಲೆ ತೆತ್ತು ನೆಮ್ಮದಿ ಕೊಂಡರು, ಇನ್ನೊಬ್ಬರು ದಾರಿಬದಿಯಲ್ಲಿ ಬದಲಿಸಬಹುದಾದ ಭಾಗವನ್ನೇ ಉಳಿಸಿಕೊಂಡರು. ವಿದ್ಯುತ್ ಗಾಡಿ ಈ ರಗಳೆಯನ್ನೇ ದಾಟುತ್ತದೆ. ಪೊಲಾರಿಸ್‌ನ ರೇಂಜರ್ ಎಕ್ಸ್‌ಪಿ ಕೈನೆಟಿಕ್‌ನಲ್ಲಿ 110 ಅಶ್ವಶಕ್ತಿಯ ಮೋಟಾರ್ ಇದೆ, ಬೆಲ್ಟಿಲ್ಲ. ಮನೆಯ ಸುತ್ತಲಿನ ಕೆಲಸಕ್ಕೆ ಅದು ಚೆನ್ನ. ಬ್ಯಾಟರಿ ಮುಗಿದರೆ ಕಾಡಿನೊಳಗೆ ಡಬ್ಬಿಯಲ್ಲಿ ಹೊತ್ತು ತರುವಂತಿಲ್ಲ, ಅಷ್ಟೇ.

ಅಂಗಡಿಯ ಪಟ್ಟಿ ಹೇಳುವ ಗುಟ್ಟು

ಚಾಸಿಯ ಗಟ್ಟಿತನ ಷೋರೂಮಿನಲ್ಲಿ ಕಾಣಿಸುವುದಿಲ್ಲ. ಬಣ್ಣದ ಅಡಿಯಲ್ಲಿ ಎಲ್ಲ ವೆಲ್ಡಿಂಗೂ ಚೆಂದವೇ. ಅದಕ್ಕೆ ನನ್ನ ಉಪಾಯ ಒಂದಿದೆ: ನೀವು ನೋಡಿಟ್ಟ ಮಾದರಿಗೆ ಹೊರಗಿನ ಕಂಪನಿಗಳು ಏನೇನು ಬಲವರ್ಧಕ ಭಾಗ ಮಾರುತ್ತಿವೆ ಎಂದು ಹುಡುಕಿ. ಮುರಿಯದ ಜಾಗಕ್ಕೆ ಯಾರೂ ಉಕ್ಕಿನ ಪಟ್ಟಿ ತಯಾರಿಸಿ ಮಾರುವುದಿಲ್ಲ. ಆರ್‌ಝಡ್‌ಆರ್ ಎಕ್ಸ್‌ಪಿ ಸಾಲಿಗೆ ಮುಂಭಾಗದ ಬಲ್ಕ್‌ಹೆಡ್ (ಸಸ್ಪೆನ್ಷನ್ ತೋಳುಗಳು ಕೂರುವ ಚೌಕಟ್ಟು) ಬಿಗಿಗೊಳಿಸುವ ಬ್ರೇಸುಗಳು, ಹಿಂಚಕ್ರವನ್ನು ಹಿಡಿದಿಡುವ ರೇಡಿಯಸ್ ರಾಡ್ ಕೂರುವ ಜಾಗಕ್ಕೆ ದಪ್ಪ ತಗಡು ಸಿಗುತ್ತವೆ. ಎಕ್ಸ್3ಗೆ ಚಾಸಿಯ ಮುಂಭಾಗಕ್ಕೆ ಬೆಸೆಯುವ ಗಸೆಟ್ (ಮೂಲೆಗೆ ಬಲ ಕೊಡುವ ತಗಡು) ಕಿಟ್, ಹಿಂದಕ್ಕೆ ಪುಲ್ ಪ್ಲೇಟ್ ಎಂಬ ದಪ್ಪ ಫಲಕ ಸಿಗುತ್ತವೆ. ಇದರರ್ಥ ಇವು ಕೆಟ್ಟ ಗಾಡಿಗಳೆಂದಲ್ಲ. ಇವನ್ನು ಕೊಂಡವರು ಹಾರಿಸುತ್ತಾರೆ, ಹಾರಿದ್ದು ಇಳಿಯುವಾಗ ಏಟು ಆ ಜಾಗಗಳಿಗೆ ಬೀಳುತ್ತದೆ. ನೀವು ಹಾರಿಸುವವರಾದರೆ ಆ ಕಿಟ್ಟಿನ ಬೆಲೆಯನ್ನೂ ಗಾಡಿಯ ಬೆಲೆಗೆ ಸೇರಿಸಿಕೊಳ್ಳಿ. ಸುಮಾರು 860 ಕಿಲೋ ತೂಗುವ ಕೆಆರ್‌ಎಕ್ಸ್ ಅನ್ನು ಭಾರವೆಂದು ಟೀಕಿಸುತ್ತಾರೆ. ಆ ಭಾರದ ಒಂದು ಪಾಲು ದಪ್ಪ ಕೊಳವೆಯಲ್ಲೂ ತೋಳುಗಳಲ್ಲೂ ಇದೆ ಎಂಬುದು ನನ್ನ ಎಣಿಕೆ.

ಬುಶ್‌ಗಳದ್ದು ಸಣ್ಣ ವಿಷಯವೆನ್ನಿಸುತ್ತದೆ, ಆದರೆ ಕೆಲಸದ ಗಾಡಿ ಲಡಕಾಸಿಯಾಗುವುದು ಅಲ್ಲಿಂದಲೇ. ಸಸ್ಪೆನ್ಷನ್ ತೋಳುಗಳ ಬುಡಕ್ಕೆ ಗ್ರೀಸ್ ನಿಪ್ಪಲ್ ಇದೆಯೇ, ಗ್ರೀಸ್ ಗನ್ನಿನ ಮೂತಿ ಅಲ್ಲಿಗೆ ತಲುಪುತ್ತದೆಯೇ ಎಂದು ಬಗ್ಗಿ ನೋಡಿ. ನಿಪ್ಪಲ್ ಇಲ್ಲದ ಪ್ಲಾಸ್ಟಿಕ್ ಬುಶ್ ಕೆಸರು ಕುಡಿದು ಕಿರಗುಟ್ಟುತ್ತದೆ, ಆಮೇಲೆ ಸಡಿಲವಾಗುತ್ತದೆ, ಚಕ್ರ ಓರೆಯಾಗಿ ಟೈರು ತಿನ್ನುತ್ತದೆ. ಪ್ರೆಷರ್ ವಾಷರಿನ ನೀರನ್ನು ಬೇರಿಂಗಿಗೆ ನೇರವಾಗಿ ಹೊಡೆಯುವವರೂ ಈ ಸವೆತಕ್ಕೆ ಕೈಲಾದ ಸಹಾಯ ಮಾಡುತ್ತಾರೆ.

ಶಾಖ ಮತ್ತು ಧೂಳು

ಎಂಜಿನ್ ಸೀಟಿನ ಹಿಂದೆಯೇ, ಪ್ಲಾಸ್ಟಿಕ್ ಹೊದಿಕೆಯೊಳಗೆ ಇರುವುದು ಈ ಗಾಡಿಗಳ ಹುಟ್ಟುಗುಣ. ಬಿಸಿ ಹೊರಹೋಗುವ ದಾರಿಯನ್ನು ಸರಿಯಾಗಿ ಬಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ದಾಖಲೆಯಲ್ಲೇ ಇದೆ. 2016ರ ಏಪ್ರಿಲ್‌ನಲ್ಲಿ ಪೊಲಾರಿಸ್ 2013ರಿಂದ 2016ರವರೆಗಿನ ಆರ್‌ಝಡ್‌ಆರ್ 900 ಮತ್ತು 1000 ಮಾದರಿಗಳ ಸುಮಾರು 1,33,000 ವಾಹನಗಳನ್ನು ಬೆಂಕಿಯ ಅಪಾಯಕ್ಕಾಗಿ ಹಿಂದಕ್ಕೆ ಕರೆಯಿತು. 160ಕ್ಕಿಂತ ಹೆಚ್ಚು ಬೆಂಕಿ ಪ್ರಕರಣಗಳು ವರದಿಯಾಗಿದ್ದವು, ಹದಿನೈದು ವರ್ಷದ ಒಬ್ಬ ಬಾಲಕಿ ತೀರಿಕೊಂಡಿದ್ದಳು. ದೋಷವನ್ನು ಸಕಾಲದಲ್ಲಿ ತಿಳಿಸಲಿಲ್ಲವೆಂಬ ಆರೋಪದ ಮೇಲೆ 2018ರಲ್ಲಿ ಕಂಪನಿ 2.725 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಆ ವರ್ಷಗಳ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ, ಅದರ ಗುರುತಿನ ಸಂಖ್ಯೆ ಹಿಡಿದು ರಿಕಾಲ್ ದುರಸ್ತಿ ಆಗಿದೆಯೇ ಎಂದು ಡೀಲರ್ ಬಳಿ ಕೇಳದೆ ಹಣ ಕೊಡಬೇಡಿ.

ಬೆಂಕಿಗೆ ಮಾಲೀಕರ ಕೊಡುಗೆಯೂ ಇರುತ್ತದೆ. ಎಂಟು ಸ್ಪೀಕರು, ಛಾವಣಿಯ ತುಂಬ ದೀಪ, ವಿಂಚ್, ಬಣ್ಣ ಬದಲಿಸುವ ಬಾವುಟಗಂಬ. ಮೂಗಿಗಿಂತ ಮೂಗುತಿ ಭಾರ. ಚಾರ್ಜಿಂಗ್ ವ್ಯವಸ್ಥೆಗೆ ಆಗದಷ್ಟು ಹೊರೆ, ಫ್ಯೂಸಿಲ್ಲದೆ ಎಳೆದ ವೈರು, ಅದು ಸೈಲೆನ್ಸರಿಗೆ ತಾಗಿಕೊಂಡು ಸಾಗುವುದು: ಇಂಥ ಗಾಡಿಯ ಕರೆಂಟಿನ ತೊಂದರೆಗೆ ಕಂಪನಿಯನ್ನು ಬೈದು ಫಲವಿಲ್ಲ.

ಧೂಳು ಎಂಜಿನ್ನನ್ನು ಸದ್ದಿಲ್ಲದೆ ಕೊಲ್ಲುತ್ತದೆ. ಏರ್ ಫಿಲ್ಟರಿನ ಅಂಚು ಸರಿಯಾಗಿ ಕೂರದಿದ್ದರೆ ಹಿಟ್ಟಿನಷ್ಟು ನಯವಾದ ಮಣ್ಣು ಒಳಹೋಗಿ ಪಿಸ್ಟನ್ ರಿಂಗುಗಳನ್ನು ಉಜ್ಜಿ ತೆಗೆಯುತ್ತದೆ. ಗಾಳಿ ಎಳೆದುಕೊಳ್ಳುವ ಬಾಯಿ ಎಲ್ಲಿದೆ ಎಂದು ನೋಡಿ. ಹಿಂಚಕ್ರದ ಧೂಳು ಏಳುವಲ್ಲೇ ಇದ್ದರೆ ಫಿಲ್ಟರನ್ನು ಪುಸ್ತಕ ಹೇಳಿದ್ದಕ್ಕಿಂತ ಬೇಗ ಬದಲಿಸಬೇಕಾಗುತ್ತದೆ.

ಡಕಾರ್ ಗೆದ್ದರೆ ಗಟ್ಟಿಯೇ?

ತಮ್ಮ ಗಾಡಿ ಡಕಾರ್ ಗೆದ್ದಿದೆ ಎಂದು ಷೋರೂಮಿನವರು ಹೇಳಿಯೇ ಹೇಳುತ್ತಾರೆ. ಮರುಭೂಮಿಯಲ್ಲಿ ದಿನಗಟ್ಟಲೆ ನಡೆಯುವ ಡಕಾರ್ ರ‍್ಯಾಲಿಯ ಸೈಡ್-ಬೈ-ಸೈಡ್ ವಿಭಾಗದಲ್ಲಿ 2018ರಿಂದ 2023ರವರೆಗೆ ಕ್ಯಾನ್-ಆಮ್ ಗೆದ್ದಿತು, 2024ರಲ್ಲಿ ಪೊಲಾರಿಸ್. ಆದರೆ ಅಲ್ಲಿ ದಿನದ ಓಟ ಮುಗಿದ ಮೇಲೆ ಮೆಕ್ಯಾನಿಕ್‌ಗಳ ತಂಡ ರಾತ್ರಿಯಿಡೀ ಗಾಡಿ ಬಿಚ್ಚಿ ಕಟ್ಟುತ್ತದೆ. ನಿಮ್ಮ ಗ್ಯಾರೇಜಿನಲ್ಲಿ ರಾತ್ರಿ ಯಾರೂ ಬರುವುದಿಲ್ಲ.

ಯಾರಿಗೆ ಯಾವುದು

ಜಮೀನಿನ ಕೆಲಸವೇ ಮುಖ್ಯ, ಹತ್ತು-ಹದಿನೈದು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ ನನ್ನ ಮತ ಕುಬೋಟಾ ಡೀಸೆಲ್‌ಗೆ. ಬೆಲೆ ಹೆಚ್ಚಾಯಿತು ಎನ್ನುವವರಿಗೆ ಕವಾಸಾಕಿಯ ಮ್ಯೂಲ್ ಪ್ರೊ. ಬೆಲ್ಟ್ ಇದ್ದರೂ ಕಂಪನಿ ಮೂರು ವರ್ಷದ ವಾರಂಟಿ ಕೊಡುತ್ತದೆ, ಆರ್‌ಝಡ್‌ಆರ್‌ನಂಥ ಓಟದ ಗಾಡಿಗಳಿಗೆ ಸಿಗುವ ಆರು ತಿಂಗಳಿನ ಪಕ್ಕದಲ್ಲಿ ಇದು ಬಹಳ. ವಾರವಿಡೀ ಕೆಲಸ, ಭಾನುವಾರ ಮಕ್ಕಳೊಂದಿಗೆ ಕಾಡುದಾರಿ ಎಂದರೆ ಹೋಂಡಾ ಪಯೋನಿಯರ್ 1000. ನೂರು ಜನ ಕೇಳಿದರೂ ಎಂಬತ್ತು ಜನಕ್ಕೆ ನಾನು ಇದನ್ನೇ ಹೇಳಿಯೇನು.

ಪೊಲಾರಿಸ್ ರೇಂಜರ್ ಮತ್ತು ಕ್ಯಾನ್-ಆಮ್ ಡಿಫೆಂಡರ್‌ಗಳ ಸೀಟು, ಸಸ್ಪೆನ್ಷನ್, ಚಳಿಗಾಲದ ಕ್ಯಾಬಿನ್ ಎಲ್ಲವೂ ಪಯೋನಿಯರ್‌ಗಿಂತ ಸುಖ. ಲೋ ಗೇರ್ ಬಳಸುವ ಶಿಸ್ತು ಇರುವವರ ಕೈಯಲ್ಲಿ ಅವೂ ಬಾಳುತ್ತವೆ. ಮನೆಯ ಎಲ್ಲರೂ, ಬಂದ ನೆಂಟರೂ ಓಡಿಸುವ ಗಾಡಿಯಾದರೆ ಆ ಶಿಸ್ತನ್ನು ಯಾರಿಂದಲೂ ನಿರೀಕ್ಷಿಸಲಾಗದು, ಆಗ ಬೆಲ್ಟ್ ಬೇಡ. ಬಂಡೆ ಮತ್ತು ಕಾಡುದಾರಿಯ ಮೋಜಿಗೆ ಕೆಆರ್‌ಎಕ್ಸ್, ಯಮಹಾ ವುಲ್ವರಿನ್ ಆರ್‌ಮ್ಯಾಕ್ಸ್, ಹೋಂಡಾ ಟ್ಯಾಲನ್. ಮರಳುಗುಡ್ಡ ಮತ್ತು ಶುದ್ಧ ವೇಗಕ್ಕೆ ಪೊಲಾರಿಸ್, ಕ್ಯಾನ್-ಆಮ್ ಬಿಟ್ಟರೆ ಬೇರೆ ಮಾತಿಲ್ಲ. ಅಲ್ಲಿ ಬಾಳಿಕೆಯ ಮಾತು ಎತ್ತುವುದಕ್ಕಿಂತ ದುರಸ್ತಿಗೆ ಹಣ ಎತ್ತಿಡುವುದು ಮೇಲು. ಚೀನಾದ ಸಿಎಫ್‌ಮೋಟೊ ಕಡಿಮೆ ಬೆಲೆಗೆ ಬಹಳಷ್ಟನ್ನು ಕೊಡುತ್ತದೆ, ನಿಮ್ಮ ಊರಿನ ಹತ್ತಿರ ಅದರ ಡೀಲರ್ ಇದ್ದರೆ.

ಡೀಲರ್ ಎಷ್ಟು ದೂರ ಎಂಬುದನ್ನು ನಾನು ಬ್ರ್ಯಾಂಡಿಗಿಂತ ಮೇಲೆ ಇಡುತ್ತೇನೆ. ಎರಡು ಗಂಟೆ ದೂರದ ಅಂಗಡಿಯ ಉತ್ತಮ ಗಾಡಿಗಿಂತ ಹದಿನೈದು ನಿಮಿಷ ದೂರದ ಅಂಗಡಿಯ ಸಾಧಾರಣ ಗಾಡಿ ವರ್ಷದಲ್ಲಿ ಹೆಚ್ಚು ದಿನ ಓಡುತ್ತದೆ. ಅಗಲವನ್ನೂ ಮರೆಯಬೇಡಿ: ಅಮೆರಿಕದ ಅರಣ್ಯ ಇಲಾಖೆಯ ಹಲವು ಹಾದಿಗಳಲ್ಲಿ 50 ಇಂಚಿಗಿಂತ ಅಗಲದ ವಾಹನಕ್ಕೆ ಪ್ರವೇಶವಿಲ್ಲ, ಎಕ್ಸ್3ಯಂಥವು 64 ಮತ್ತು 72 ಇಂಚು ಅಗಲ.

ಕೊಡಗು, ಸಕಲೇಶಪುರದ ತೋಟದವರು ಇದನ್ನು ಓದುತ್ತಿದ್ದರೆ ಲೆಕ್ಕ ಬೇರೆ. ಪೊಲಾರಿಸ್ 2011ರಿಂದ ಭಾರತದಲ್ಲಿದೆ, ಗಾಡಿ ಸಿಗುತ್ತದೆ. ಆದರೆ ಇಂಥ ಸೈಡ್-ಬೈ-ಸೈಡ್ ಸಾರ್ವಜನಿಕ ರಸ್ತೆಗೆ ನೋಂದಣಿಯಾಗುವ ವಾಹನವಲ್ಲ. ತೋಟದ ಎರಡು ತುಂಡುಗಳ ನಡುವೆ ಪಂಚಾಯತಿ ರಸ್ತೆ ಹಾದುಹೋಗಿದ್ದರೆ ಅದನ್ನು ದಾಟುವುದೇ ತಕರಾರು. ಟ್ರ್ಯಾಕ್ಟರ್ ಎಂದು ನೋಂದಣಿಯಾಗುವ ಎಟಿವಿಯೊಂದನ್ನು (ಬೈಕಿನಂತೆ ಮೇಲೆ ಕುಳಿತು ಓಡಿಸುವ ನಾಲ್ಕು ಚಕ್ರದ ಗಾಡಿ) ಅದೇ ಕಂಪನಿ ಇಲ್ಲಿಗೆ ತಂದದ್ದುಂಟು, ಅದು ಬೇರೆ ಜಾತಿಯ ಗಾಡಿ. ಮಳೆಗಾಲದ ಕೆಸರಿನಲ್ಲಿ ಆಕ್ಸಲ್ ಮುರಿದರೆ ಅದೇ ಸಂಜೆ ಸೋಮವಾರಪೇಟೆಯಲ್ಲೋ ಮೂಡಿಗೆರೆಯಲ್ಲೋ ಸರಿಯಾಗುವ ಹಳೆಯ ಮಹೀಂದ್ರಾ ಜೀಪಿಗೆ ಅಲ್ಲಿ ಸಾಟಿ ಇಲ್ಲ.

ಸೆಕೆಂಡ್ ಹ್ಯಾಂಡ್ ನೋಡುವಾಗ

ಬರುವ ಮುನ್ನ ಎಂಜಿನ್ ಚಾಲೂ ಮಾಡಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿ. ತಣ್ಣಗಿನ ಎಂಜಿನ್ ಹೇಗೆ ಏಳುತ್ತದೆ ಎಂಬುದರಲ್ಲಿ ಅರ್ಧ ಕಥೆ ಇದೆ. ಮೀಟರಿನಲ್ಲಿ ದೂರ ಮತ್ತು ಎಂಜಿನ್ ಓಡಿದ ಗಂಟೆ ಎರಡೂ ಇರುತ್ತವೆ. ಭಾಗಿಸಿ. 4,000 ಕಿಲೋಮೀಟರಿಗೆ 400 ಗಂಟೆಯಾದರೆ ಸರಾಸರಿ ಹತ್ತು, ಬೇಲಿ ಕೆಲಸ ಮಾಡಿದ ಗಾಡಿ. ಅದೇ ದೂರಕ್ಕೆ 100 ಗಂಟೆಯಾದರೆ ಸರಾಸರಿ ನಲವತ್ತು. ಒರಟು ದಾರಿಯಲ್ಲಿ ನಲವತ್ತು ಸರಾಸರಿ ಬರಬೇಕಾದರೆ ಪೆಡಲ್ ಎಷ್ಟು ಒತ್ತಿರಬೇಕು ಎಂದು ಊಹಿಸಿಕೊಳ್ಳಿ.

ಗಾಡಿಯನ್ನು ಜಾಕಿನ ಮೇಲೆತ್ತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಕಟಕಟ ಎಂದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್; ಎಡಬಲ ಹಿಡಿದಾಗ ಮಾತ್ರ ಆಡಿದರೆ ಸ್ಟೀರಿಂಗಿನ ಟೈ ರಾಡ್. ಅಡಿಯ ತಗಡಿನ ಅಂಚಿನಲ್ಲಿ ಟಾರ್ಚ್ ಬಿಟ್ಟು, ತೋಳುಗಳು ಚಾಸಿಗೆ ಸೇರುವಲ್ಲಿ ಬಣ್ಣದಲ್ಲಿ ಕೂದಲೆಳೆಯ ಬಿರುಕು, ಅದರಿಂದ ಇಳಿದ ತುಕ್ಕಿನ ಗೆರೆ ಹುಡುಕಿ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಅಲ್ಲೇ ಇನ್ನಷ್ಟು ನೋಡಿ. ಆಯಿಲ್ ಕಡ್ಡಿ ಎಳೆದಾಗ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ನೀರು ಹೊಕ್ಕಿದೆ. ಏರ್ ಫಿಲ್ಟರ್ ತೆಗೆದು, ಎಂಜಿನ್ ಕಡೆಗೆ ಹೋಗುವ ಕೊಳವೆಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಆ ಬದಿಯಲ್ಲಿ ಮಣ್ಣು ಇರಲೇಬಾರದು.

ಕೊನೆಗೆ ಬೆಲ್ಟಿನ ಕವರ್. ಕೆಲವು ಬೋಲ್ಟುಗಳಷ್ಟೇ. ಒಳಗೆ ಒಂದಿಷ್ಟು ಕಪ್ಪು ಪುಡಿ ಸಹಜ. ದಾರದ ಎಳೆಗಳು, ಪುಲ್ಲಿಯ ತಟ್ಟೆಯ ಮೇಲೆ ಉಗುರಿಗೆ ತಾಗುವ ಗೀರು, ಬೆಲ್ಟಿನ ಒಂದೇ ಜಾಗದಲ್ಲಿ ತಗ್ಗು ಕಂಡರೆ ಗಾಡಿ ಕದಲದಿದ್ದಾಗಲೂ ಪೆಡಲ್ ಒತ್ತಿ ಬೆಲ್ಟನ್ನು ದಣಿಸಿರಬಹುದು ಎಂದರ್ಥ. ಬೆಲ್ಟಿನ ಜೊತೆ ಎರಡೂ ಪುಲ್ಲಿಗಳ ಬೆಲೆಯನ್ನು ಗಾಡಿಯ ಬೆಲೆಯಿಂದ ಕಳೆದು ಮಾತಾಡಿ. ಕವರ್ ತೆಗೆಯಲು ಒಪ್ಪದ ಮಾರಾಟಗಾರರೂ ಸಿಗುತ್ತಾರೆ. ಬೆಲೆ ಎಷ್ಟೇ ಇಳಿಸಲಿ, ಅವರಿಗೆ ನಮಸ್ಕಾರ ಹೇಳಿ ಮುಂದಿನ ಗಾಡಿ ನೋಡಲು ಹೋಗಿ.